ನಿಂತು ಓಡಿಸುವ ಬ್ಲೋವರ್ ಜೋರಾಗಿ ನಡುಗುತ್ತಿದೆ, ಇಳಿಜಾರಲ್ಲಿ ಜಾರುತ್ತಿದೆ. ಎಲ್ಲಿಂದ ಶುರು ಮಾಡಲಿ?

ಒಣಎಲೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದೊಡ್ಡ ಮೈದಾನ, ಪಾರ್ಕಿಂಗ್ ಜಾಗ ಎಲ್ಲ ಕ್ಲೀನ್ ಮಾಡುವ ಕೆಲಸ ನಮ್ಮದು. ಇಷ್ಟು ದಿನ ಬೆನ್ನಿಗೆ ಹಾಕಿಕೊಳ್ಳುವ ಬ್ಲೋವರ್ ಬಳಸುತ್ತಿದ್ದೆವು. ಈಗ ಹಿಂದಿನ ಹಲಗೆ ಮೇಲೆ ನಿಂತು ಎರಡು ಲಿವರ್ ಹಿಡಿದು ಓಡಿಸುತ್ತಾರಲ್ಲ, ಆ ದೊಡ್ಡ ಬ್ಲೋವರನ್ನು ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದೇವೆ. ಪೆಟ್ರೋಲ್ ಇಂಜಿನ್, ಎರಡು ಸಿಲಿಂಡರ್. ಜೊತೆಗೆ ಮ್ಯಾನುಯಲ್ ಬರಲಿಲ್ಲ.

ಮೂರು ತಲೆನೋವು ಇದೆ. ಒಂದು, ಇಂಜಿನ್ ಫುಲ್ ರೇಸ್ ಮಾಡಿದರೆ ಇಡೀ ಗಾಡಿ ನಡುಗುತ್ತದೆ, ಸ್ವಲ್ಪ ಹೊತ್ತಿಗೆ ಪಾದ ಜೋಮು ಹಿಡಿಯುತ್ತದೆ. ಗಾಳಿಯ ಜೋರು ಕೂಡ ಮೊದಲಿನಷ್ಟಿಲ್ಲ ಅನಿಸುತ್ತಿದೆ. ಎರಡು, ಒದ್ದೆ ಹುಲ್ಲಿನ ಇಳಿಜಾರಲ್ಲಿ ಅಡ್ಡಡ್ಡ ಹೋಗುವಾಗ ಹಿಂದಿನ ಚಕ್ರ ಕೆಳಗೆ ಜಾರುತ್ತದೆ. ಮೂರು, ಇದು ಸ್ವಲ್ಪ ವಿಚಿತ್ರ. ಹ್ಯಾಂಡಲ್ ಹತ್ತಿರ ಕೈಯಲ್ಲಿ ಒತ್ತಿ ಹಿಡಿಯಬೇಕಾದ ಒಂದು ಪಟ್ಟಿ ಇದೆ, ಅದನ್ನು ಹಳೆ ಓನರ್ ತಂತಿ ಸುತ್ತಿ ಕಟ್ಟಿಬಿಟ್ಟಿದ್ದಾರೆ. ನಮ್ಮ ಜೊತೆಯವರೊಬ್ಬರು "ಬಿಚ್ಚಬೇಡ, ಬಿಚ್ಚಿದರೆ ಕೊಂಬೆ ಎತ್ತಿಹಾಕೋಕೆ ಇಳಿದಾಗೆಲ್ಲ ಇಂಜಿನ್ ಆಫ್ ಆಗುತ್ತೆ, ಹೇಗೂ ಬರೀ ಗಾಳಿ ಬಿಡೋ ಮಿಷನ್ ತಾನೇ, ಬ್ಲೇಡಾ ಏನಾ" ಅನ್ನುತ್ತಾರೆ. ಅವರ ಮಾತು ಪೂರ್ತಿ ತಪ್ಪು ಅಂತಲೂ ಅನಿಸುತ್ತಿಲ್ಲ. ಏನು ಮಾಡಲಿ ಹೇಳಿ.

ಹತ್ತನೇ ನಂಬರ್ ಸ್ಪ್ಯಾನರ್ ಉತ್ತರ:

ಮೊದಲು ಆ ತಂತಿ ಬಿಚ್ಚಿ. ಉಳಿದಿದ್ದನ್ನು ಆಮೇಲೆ ಓದಿ.

ಅದು ಆಪರೇಟರ್ ಇದ್ದಾರೋ ಇಲ್ಲವೋ ಅಂತ ನೋಡುವ ಸ್ವಿಚ್ಚು. ನೀವು ಜಾರಿ ಬಿದ್ದರೆ ಗಾಡಿ ತಾನೇ ನಿಲ್ಲಬೇಕು, ಅದಕ್ಕೆ ಇರುವುದು. ಬರೀ ಗಾಳಿ ಬಿಡುವ ಮಿಷನ್ ಅಂತೀರಲ್ಲ, ನೂರಾರು ಕೆಜಿ ತೂಕದ ಗಾಡಿ ಆಳಿಲ್ಲದೆ ಇಳಿಜಾರಲ್ಲಿ ಹೋದರೆ ಅದಕ್ಕೆ ಬ್ಲೇಡ್ ಬೇರೆ ಬೇಕಾ? ಜೊತೆಗೆ ಒಳಗೆ ಇಂಪೆಲ್ಲರ್ ಅಂತ ದೊಡ್ಡ ಫ್ಯಾನು ಇದೆ. ಕೈ ಹೋದರೆ ಅದೂ ಬ್ಲೇಡೇ.

ನಿಮ್ಮ ಜೊತೆಯವರ ಸಮಸ್ಯೆಗೆ ದಾರಿ ಬೇರೆ ಇದೆ. ಬಹಳಷ್ಟು ಮಾಡೆಲ್‌ಗಳಲ್ಲಿ ಲಿವರ್ ನ್ಯೂಟ್ರಲ್‌ಗೆ ತಂದು ಪಾರ್ಕಿಂಗ್ ಬ್ರೇಕ್ ಹಾಕಿ ಇಳಿದರೆ ಇಂಜಿನ್ ಆಫ್ ಆಗುವುದಿಲ್ಲ. ಬ್ರೇಕ್ ಹಾಕದೆ ಇಳಿದರೆ ಮಾತ್ರ ಆಫ್ ಆಗುತ್ತದೆ. ಬ್ರೇಕ್ ಹಾಕಿದರೂ ಆಫ್ ಆಗುತ್ತಿದ್ದರೆ ಬ್ರೇಕಿನ ಸ್ವಿಚ್ಚೋ ವೈರೋ ಕೆಟ್ಟಿರಬೇಕು, ತಂತಿ ಕಟ್ಟೋಕೆ ಅದೇ ಕಾರಣ ಆಗಿದ್ದಿರಬಹುದು. ಬಿಚ್ಚಿದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿ. ಬ್ರೇಕ್ ಬಿಟ್ಟು ಪಟ್ಟಿ ಬಿಟ್ಟರೆ ಇಂಜಿನ್ ಸಾಯಬೇಕು. ಲಿವರ್ ಮುಂದಕ್ಕೆ ಇದ್ದಾಗ ಸ್ಟಾರ್ಟ್ ಆಗಲೇಬಾರದು. ಇದನ್ನು ದಿನಾ ಕೆಲಸ ಶುರು ಮಾಡುವ ಮುಂಚೆ ನೋಡಿ. ಅರ್ಧ ನಿಮಿಷವೂ ಹಿಡಿಯಲ್ಲ.

ಒಂದು ಮಾತು, ಕೊಂಬೆ ಪಕ್ಕದಲ್ಲಿ ಬಿದ್ದಿದ್ದರೆ ಬ್ರೇಕ್ ಹಾಕಿ ಎತ್ತಿಹಾಕಿ. ಗಾಳಿ ಎಳೆಯುವ ಜಾಲರಿಗೋ ಗಾಳಿ ಬರುವ ಬಾಯಿಗೋ ಏನಾದರೂ ಸಿಕ್ಕಿಕೊಂಡಿದ್ದರೆ ಮಾತ್ರ ಇಂಜಿನ್ ಪೂರ್ತಿ ಆಫ್ ಮಾಡಿ, ಕೀ ತೆಗೆದು, ಫ್ಯಾನು ನಿಲ್ಲುವ ತನಕ ಕಾಯಿರಿ. ಕೀ ತಿರುಗಿಸಿದ ತಕ್ಷಣ ಫ್ಯಾನು ನಿಲ್ಲುವುದಿಲ್ಲ, ಸ್ವಲ್ಪ ಹೊತ್ತು ಸುತ್ತುತ್ತಲೇ ಇರುತ್ತದೆ.

ಈಗ ನಡುಕ. ನೀವು ಹೇಳುತ್ತಿರುವುದು ಇಂಪೆಲ್ಲರ್ ಬ್ಯಾಲೆನ್ಸ್ ತಪ್ಪಿದ ಹಾಗೆ ಕಾಣುತ್ತದೆ. ಇಂಜಿನ್ ವೇಗ ಏರಿದಂತೆ ನಡುಕವೂ ಏರುತ್ತಾ ಹೋದರೆ ಅದು ಬ್ಯಾಲೆನ್ಸು. ಒಂದೇ ಒಂದು ವೇಗದಲ್ಲಿ ನಡುಗಿ ಮೇಲೆ ಹೋದಾಗ ಸರಿಯಾದರೆ ಯಾವುದೋ ಬೋಲ್ಟು ಸಡಿಲ ಇರಬಹುದು. ಇಂತಹ ಇಂಜಿನ್ ಫುಲ್ ರೇಸಲ್ಲಿ ಹೆಚ್ಚುಕಡಿಮೆ ನಿಮಿಷಕ್ಕೆ 3600 ಸುತ್ತು, ಅಂದರೆ ಸೆಕೆಂಡಿಗೆ 60 ಸುತ್ತು ತಿರುಗುತ್ತದೆ. ಬ್ಯಾಲೆನ್ಸ್ ತಪ್ಪಿದ ಎಳೆತ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಅದಕ್ಕೇ ಐಡಲ್‌ನಲ್ಲಿ ಸುಮ್ಮನಿದ್ದ ಗಾಡಿ ರೇಸ್ ಮಾಡಿದ ಕೂಡಲೇ ಹಲ್ಲು ಕಡಿಯುತ್ತದೆ.

ನೋಡುವುದು ಹೇಗೆ ಅಂದರೆ: ಇಂಜಿನ್ ಆಫ್, ಕೀ ಕೈಯಲ್ಲಿ, ಎರಡೂ ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು ದೂರ ಇಡಿ. ಎರಡು ಸಿಲಿಂಡರ್ ಅಂತೀರಿ, ಒಂದನ್ನು ಕಿತ್ತು ಇನ್ನೊಂದನ್ನು ಮರೆಯಬೇಡಿ. ಆಮೇಲೆ ಟಾರ್ಚ್ ಬಿಟ್ಟು ಒಳಗೆ ನೋಡಿ, ದಪ್ಪ ಗ್ಲೌಸ್ ಹಾಕಿ ಫ್ಯಾನನ್ನು ನಿಧಾನ ಕೈಯಲ್ಲಿ ತಿರುಗಿಸಿ. ರೆಕ್ಕೆಗಳ ಹಿಂದೆ ಒದ್ದೆ ಎಲೆಯ ಮಣ್ಣು ಒಂದು ಕಡೆ ಮಾತ್ರ ಅಂಟಿಕೊಂಡಿದೆಯಾ? ಕಲ್ಲು ಹೊಡೆದು ರೆಕ್ಕೆಯ ಅಂಚು ಮುರಿದಿದೆಯಾ? ರೆಕ್ಕೆ ಬುಡದಲ್ಲಿ ಕೂದಲೆಳೆಯ ಹಾಗೆ ಬಿರುಕು ಇದೆಯಾ? ಹೊರಗಿನ ಕವಚದ ಒಳಗೋಡೆಯಲ್ಲಿ ಉಜ್ಜಿದ ಗುರುತು ಇದೆಯಾ? ಮಣ್ಣಾದರೆ ಕೆರೆದು ತೆಗೆದರೆ ಮುಗಿಯಿತು. ಬಿರುಕೋ ಮುರಿತವೋ ಇದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಹೊಸ ಇಂಪೆಲ್ಲರ್ ಹಾಕಿಸಿ. ವೆಲ್ಡ್ ಮಾಡಿಸುತ್ತೇನೆ, ಇನ್ನೊಂದು ಕಡೆಯೂ ಅಷ್ಟೇ ಉಜ್ಜಿ ಸಮ ಮಾಡುತ್ತೇನೆ ಅಂತ ಹೋಗಬೇಡಿ. ಆ ವೇಗದಲ್ಲಿ ಒಂದು ತುಂಡು ಕಿತ್ತು ಬಂದರೆ ಕವಚ ತಡೆಯುತ್ತದೆ ಅಂತ ಭರವಸೆ ಇಲ್ಲ.

ಗುಡ್ಡದಂಚು ಉತ್ತರ:

ಇಳಿಜಾರಿನ ಬಗ್ಗೆ ನಾನು ಹೇಳುತ್ತೇನೆ. ಗಾಡಿ ಮೇಲೆ ಎಷ್ಟು ಡಿಗ್ರಿ ತನಕ ಹೋಗಬಹುದು ಅಂತ ಸ್ಟಿಕ್ಕರ್ ಇರುತ್ತದೆ, ಅದು ಕಿತ್ತುಹೋಗಿದ್ದರೆ ಮಾಡೆಲ್ ನಂಬರ್ ಹಾಕಿ ಕಂಪನಿಯ ಮ್ಯಾನುಯಲ್ ಇಳಿಸಿಕೊಳ್ಳಿ. ಈ ಜಾತಿಯ ಬಹಳ ಗಾಡಿಗಳಿಗೆ 15 ಡಿಗ್ರಿ ಅಂತ ಬರೆದಿರುತ್ತಾರೆ. ಕೇಳೋಕೆ ಕಡಿಮೆ ಅನಿಸುತ್ತದೆ, ಆದರೆ 15 ಡಿಗ್ರಿ ಅಂದರೆ ಒಂದು ಮೀಟರ್ ಮುಂದೆ ಹೋದಾಗ ಸುಮಾರು 27 ಸೆಂಟಿಮೀಟರ್ ಮೇಲೇರಿದ ಹಾಗೆ. ಕಣ್ಣಳತೆ ನಂಬಬೇಡಿ. ಒಂದು ಉದ್ದ ಹಲಗೆ ನೆಲಕ್ಕಿಟ್ಟು ಅದರ ಮೇಲೆ ಮೊಬೈಲಿನ ಲೆವೆಲ್ ಆ್ಯಪ್ ಇಟ್ಟು ನೋಡಿ.

ಅದೂ ಒಣ ನೆಲದ ಮಾತು. ಒದ್ದೆ ಹುಲ್ಲು, ಅದರ ಮೇಲೆ ಒದ್ದೆ ಎಲೆ ಅಂದರೆ ಲೆಕ್ಕವೇ ಬೇರೆ. ಈ ಗಾಡಿಗಳು ಓಡುವುದೂ ನಿಲ್ಲುವುದೂ ಹೈಡ್ರಾಲಿಕ್ ಪಂಪ್ ತಿರುಗಿಸುವ ಎರಡು ಚಕ್ರದಿಂದಲೇ. ಚಕ್ರಕ್ಕೆ ನೆಲದ ಹಿಡಿತ ತಪ್ಪಿದರೆ ನಿಮ್ಮ ಕೈಯಲ್ಲಿ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಜಾರಲು ಶುರುವಾದಾಗ ಲಿವರನ್ನು ಥಟ್ಟನೆ ಹಿಂದಕ್ಕೆಳೆದರೆ ಹಿಡಿತ ಇನ್ನೂ ಹೋಗುತ್ತದೆ. ನಿಧಾನಕ್ಕೆ ನ್ಯೂಟ್ರಲ್ ಕಡೆ ತನ್ನಿ, ಕಾಲು ನೆಲಕ್ಕೆ ಕೊಟ್ಟು ತಡೆಯೋಕೆ ಹೋಗಲೇಬೇಡಿ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಗಾಳಿ ಯಾವ ಕಡೆ ಬಿಡುತ್ತೀರೋ ಗಾಡಿಗೆ ಅದರ ಎದುರು ಕಡೆಗೆ ತಳ್ಳು ಬೀಳುತ್ತದೆ. ಇಳಿಜಾರಲ್ಲಿ ಅಡ್ಡ ಹೋಗುತ್ತಾ ಗಾಳಿಯನ್ನು ಮೇಲಕ್ಕೆ ಬಿಟ್ಟರೆ ಅದು ನಿಮ್ಮನ್ನು ಕೆಳಕ್ಕೆ ತಳ್ಳುತ್ತದೆ. ಆ ತಳ್ಳು ದೊಡ್ಡದೇನಲ್ಲ, ಆದರೆ ಮೊದಲೇ ಹಿಡಿತ ಇಲ್ಲದ ಚಕ್ರಕ್ಕೆ ಅಷ್ಟು ಸಾಕು. ಎಲೆಯನ್ನು ಕೆಳಮುಖವಾಗಿ ತಳ್ಳಿ, ಎಲೆಗೂ ಅದೇ ಸುಲಭ. ಟೈರಿನ ಗಾಳಿ ಎರಡೂ ಕಡೆ ಸಮ ಇದೆಯಾ ನೋಡಿ, ಸಮ ಇಲ್ಲದಿದ್ದರೆ ನೆಟ್ಟಗೆ ಹೋಗುವುದಿಲ್ಲ, ಟೈರಿನ ಹಲ್ಲು ಸವೆದಿದ್ದರೆ ಬದಲಿಸಿ. ಗೋಡೆ ಅಂಚು, ಹೊಂಡ, ನೀರಿನ ದಡ ಇಂತಹ ಕಡೆ ಗಾಡಿಯ ಅಗಲದ ಎರಡರಷ್ಟು ದೂರ ಇರಿ. ಅಂಚಲ್ಲಿ ಹಾಗೆ ಉಳಿದ ಜಾಗಕ್ಕೆ ನಿಮ್ಮ ಹಳೆ ಬೆನ್ನಿನ ಬ್ಲೋವರ್ ಇದೆಯಲ್ಲ, ಅದು ತಗೊಂಡು ನಡೆದುಕೊಂಡು ಹೋಗಿ. ಎಲ್ಲವನ್ನೂ ದೊಡ್ಡ ಗಾಡಿಯಲ್ಲೇ ಮಾಡಬೇಕು ಅಂತೇನಿಲ್ಲ.

ಬೆಳಗಿನಪಾಳಿ ಉತ್ತರ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾವು ಕೆಲಸ ಮುಗಿದ ಮೇಲೆ ಪ್ರೆಷರ್ ವಾಷರ್ ಹಿಡಿದು ಇಡೀ ಗಾಡಿ ತೊಳೆದುಬಿಡುತ್ತೇವೆ, ಹೊಸದರ ಹಾಗೆ ಕಾಣುತ್ತದೆ. ಇದರಲ್ಲಿ ತಪ್ಪೇನಾದರೂ ಇದೆಯಾ? ಏರ್ ಫಿಲ್ಟರನ್ನು ಕಂಪ್ರೆಸರ್ ಗಾಳಿಯಲ್ಲಿ ಊದುತ್ತೇವೆ.

ಹತ್ತನೇ ನಂಬರ್ ಸ್ಪ್ಯಾನರ್ ಉತ್ತರ:

ಎರಡೂ ಬೇಡ ಸರ್. ಪ್ರೆಷರ್ ನೀರು ಬೇರಿಂಗಿನ ಸೀಲ್ ದಾಟಿ ಗ್ರೀಸನ್ನು ತೊಳೆದುಬಿಡುತ್ತದೆ, ಸ್ವಿಚ್ಚುಗಳ ಒಳಗೂ ಹೋಗುತ್ತದೆ. ಬಿಸಿ ಇಂಜಿನ್ ಮೇಲೆ ತಣ್ಣೀರು ಬಿದ್ದರೆ ಲೋಹ ಬಿರಿಯಬಹುದು. ಫಿಲ್ಟರಿನ ಕಾಗದ ತುಂಬಾ ನಾಜೂಕು, ಕಂಪ್ರೆಸರ್ ಗಾಳಿ ಹೊಡೆದರೆ ಕಣ್ಣಿಗೆ ಕಾಣದ ತೂತು ಬೀಳುತ್ತದೆ, ಆ ತೂತಿನಿಂದ ಹೋದ ಧೂಳು ಸಿಲಿಂಡರನ್ನು ಸವೆಸುತ್ತದೆ. ಕಾಗದದ್ದನ್ನು ಮೆಲ್ಲಗೆ ತಟ್ಟಿ, ಆಗಲೂ ಕಪ್ಪಗಿದ್ದರೆ ಹೊಸದು ಹಾಕಿ. ಹೊರಗಿನ ಸ್ಪಂಜನ್ನು ಮಾತ್ರ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬಹುದು.

ಕಂಪ್ರೆಸರ್ ಗಾಳಿ ಬೇಕಾಗಿರುವುದು ಇಂಜಿನ್ ತಣ್ಣಗಾಗಲು ಇರುವ ರೆಕ್ಕೆಗಳಿಗೆ, ಅಲ್ಲಿ ಬಳಸಿ. ಈ ಇಂಜಿನ್‌ಗಳು ಗಾಳಿಯಿಂದಲೇ ತಣ್ಣಗಾಗುವಂಥವು. ತಾನೇ ಎಬ್ಬಿಸಿದ ಧೂಳನ್ನು ತಾನೇ ಉಸಿರಾಡುವ ಗಾಡಿ ಇದು. ಎಲೆಪುಡಿ ಮೇಲಿನ ಜಾಲರಿಯಲ್ಲಿ ಕೂರುತ್ತದೆ, ಕವಚದ ಒಳಗೆ ಸಿಲಿಂಡರಿನ ರೆಕ್ಕೆಗಳ ನಡುವೆ ಗಟ್ಟಿಯಾಗುತ್ತದೆ. ಹೊರಗಿಂದ ಎಲ್ಲ ಚೆನ್ನಾಗಿ ಕಾಣುತ್ತಿರುತ್ತದೆ, ಒಳಗೆ ಇಂಜಿನ್ ಬೇಯುತ್ತಿರುತ್ತದೆ. ನನ್ನನ್ನು ಕೇಳಿದರೆ ಇಂತಹ ಗಾಡಿಗಳನ್ನು ಆಯಿಲ್‌ಗಿಂತ ಜಾಸ್ತಿ ಇದೇ ಕೊಲ್ಲುತ್ತದೆ. ಜಾಲರಿ ದಿನಾ, ಕವಚ ಬಿಚ್ಚಿ ಒಳಗೆ ಕನಿಷ್ಠ 100 ಗಂಟೆಗೊಮ್ಮೆ, ಧೂಳು ಜಾಸ್ತಿ ಇರುವ ಕಡೆ ಅದಕ್ಕೂ ಮುಂಚೆ. ಸೈಲೆನ್ಸರ್ ಸುತ್ತ ಒಣ ಎಲೆ ಇದ್ದರೆ ಪ್ರತಿ ಸಲ ತೆಗೆಯಿರಿ. ಬಿಸಿ ಸೈಲೆನ್ಸರ್, ಒಣ ಎಲೆ, ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್. ಬೆಂಕಿಗೆ ಇನ್ನೇನು ಬೇಕು?

ಒಣಎಲೆ ಅವರಿಗೆ: ಸೆಕೆಂಡ್ ಹ್ಯಾಂಡ್ ಅಂದಮೇಲೆ ಹಳೆ ಲೆಕ್ಕ ನಂಬದೆ ಇಂಜಿನ್ ಆಯಿಲ್, ಫಿಲ್ಟರ್ ಈಗಲೇ ಬದಲಿಸಿ, ಆಮೇಲೆ ಸಾಮಾನ್ಯವಾಗಿ 100 ಗಂಟೆಗೊಮ್ಮೆ. ಆಯಿಲ್ ಮಟ್ಟ ನೋಡುವಾಗ ಗಾಡಿ ಸಮತಟ್ಟಾಗಿರಲಿ, ಇಂಜಿನ್ ತಣ್ಣಗಿರಲಿ. ಜಾಸ್ತಿ ಹಾಕಿದರೆ ಒಳ್ಳೆಯದು ಅಂತ ಮೇಲಿನ ಗೀಟು ದಾಟಿಸಬೇಡಿ, ನೊರೆ ಬರುತ್ತದೆ. ಹೈಡ್ರಾಲಿಕ್ ಪೈಪಲ್ಲಿ ಎಲ್ಲಾದರೂ ಸೋರುತ್ತಿದೆಯಾ ಅಂತ ನೋಡುವಾಗ ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಒತ್ತಡದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಆದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು, ಆಪರೇಷನ್ ಬೇಕಾಗುತ್ತದೆ.

ಕಿವಿಮಾತು ಉತ್ತರ:

ಎಲ್ಲರೂ ಗಾಡಿ ಬಗ್ಗೆ ಹೇಳಿದಿರಿ, ಓಡಿಸುವವರ ಕಿವಿ ಬಗ್ಗೆ ಯಾರೂ ಹೇಳಲಿಲ್ಲ. ಕೆಲಸಗಾರರ ಆರೋಗ್ಯ, ಸುರಕ್ಷತೆ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸು 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 94 ಆದರೆ ಒಂದೇ ಗಂಟೆ, 100 ಆದರೆ 15 ನಿಮಿಷ. ಇಂಜಿನ್ ನಿಮ್ಮ ಎದೆಯಿಂದ ಕೈಯಳತೆ ದೂರದಲ್ಲಿರುತ್ತದೆ, ಲೆಕ್ಕ ನೀವೇ ಹಾಕಿ. ಕಿವಿಯೊಳಗೆ ಹಾಕುವ ಪ್ಲಗ್ಗು, ಮೇಲಿಂದ ಇಯರ್ ಮಫ್ ಎರಡೂ ಹಾಕಿ. ಎರಡರ ನಂಬರ್ ಕೂಡಿಸಿ ಲೆಕ್ಕ ಮಾಡಬೇಡಿ, ಜಾಸ್ತಿ ತಡೆಯುವ ಒಂದಕ್ಕಿಂತ ಸುಮಾರು 5 ಡೆಸಿಬೆಲ್ ಮಾತ್ರ ಹೆಚ್ಚು ಸಿಗುತ್ತದೆ. ಹಾಡು ಕೇಳುವ ಇಯರ್‌ಫೋನ್ ರಕ್ಷಣೆ ಅಲ್ಲ.

ಕಾಂಕ್ರೀಟ್ ಪಾರ್ಕಿಂಗ್ ಜಾಗದ ಧೂಳಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರಲ್ಲ. ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಹಾಕಿ. ಕನ್ನಡಕ ಪಕ್ಕದಿಂದಲೂ ಮುಚ್ಚುವಂಥದ್ದು ಇರಲಿ. ಜನ ಕನಿಷ್ಠ 15 ಮೀಟರ್ ಆಚೆ ಇರಲಿ, ಯಾರಾದರೂ ಹತ್ತಿರ ಬಂದರೆ ರೇಸ್ ಇಳಿಸಿ, ಗಾಳಿಯ ಬಾಯನ್ನು ಬೇರೆ ಕಡೆ ತಿರುಗಿಸಿ. ಎಲೆ ಜೊತೆ ಜಲ್ಲಿಕಲ್ಲೂ ಹಾರುತ್ತದೆ, ನಿಂತಿರುವ ಕಾರಿನ ಗಾಜಿಗೆ ಅಷ್ಟು ಸಾಕು.

ಒಣಎಲೆ ಉತ್ತರ:

ಎಲ್ಲರಿಗೂ ಥ್ಯಾಂಕ್ಸ್. ತಂತಿ ಬಿಚ್ಚಿದೆ. ಸ್ಪ್ಯಾನರ್ ಅಣ್ಣ ಹೇಳಿದ ಹಾಗೇ ಆಯಿತು, ಬ್ರೇಕ್ ಹಾಕಿದರೂ ಇಂಜಿನ್ ಆಫ್ ಆಗುತ್ತಿತ್ತು. ನೋಡಿದರೆ ಬ್ರೇಕಿನ ಸ್ವಿಚ್ಚಿನ ಕನೆಕ್ಟರ್ ಕಿಲುಬು ಹಿಡಿದಿತ್ತು. ಕ್ಲೀನ್ ಮಾಡಿದ ಮೇಲೆ ಸರಿಯಾಯಿತು, ಜೊತೆಯವರೂ ಈಗ ತಕರಾರು ಮಾಡುತ್ತಿಲ್ಲ.

ಇಂಪೆಲ್ಲರ್ ಒಳಗೆ ನೋಡಿದೆ. ಪಕ್ಕಪಕ್ಕದ ಎರಡು ರೆಕ್ಕೆ ಹಿಂದೆ ಗಟ್ಟಿ ಮಣ್ಣು ಕೂತಿತ್ತು, ಅದನ್ನು ಮರದ ತುಂಡಿನಿಂದ ಕೆರೆದು ತೆಗೆದೆ. ಆದರೆ ಇನ್ನೊಂದು ರೆಕ್ಕೆಯ ಬುಡದಲ್ಲಿ ಸಣ್ಣ ಗೀಟಿನ ಹಾಗೆ ಕಾಣುತ್ತಿದೆ. ಅದು ಬಿರುಕೋ ಗೀರೋ ಗೊತ್ತಾಗುತ್ತಿಲ್ಲ. ಈಗ ನಡುಕ ತುಂಬಾ ಕಡಿಮೆ ಆಗಿದೆ, ಓಡಿಸಬಹುದಾ?

ಹತ್ತನೇ ನಂಬರ್ ಸ್ಪ್ಯಾನರ್ ಉತ್ತರ:

ಓಡಿಸಬೇಡಿ. ಉಗುರು ಆಡಿಸಿ ನೋಡಿ, ಸಿಕ್ಕಿಕೊಂಡರೆ ಅನುಮಾನ ಇನ್ನೂ ಜಾಸ್ತಿ. ಚೆನ್ನಾಗಿ ಒರೆಸಿ, ಬಿರುಕು ತೋರಿಸುವ ಬಣ್ಣದ ಸ್ಪ್ರೇ ಸಿಗುತ್ತದೆ, ವೆಲ್ಡಿಂಗ್ ಕೆಲಸದವರ ಹತ್ತಿರ ಇರುತ್ತದೆ. ಅದನ್ನು ಹಚ್ಚಿ ಒರೆಸಿದ ಮೇಲೂ ಗೀಟಲ್ಲಿ ಬಣ್ಣ ಮತ್ತೆ ಎದ್ದು ಬಂದರೆ ಬಿರುಕೇ. ಅನುಮಾನ ಉಳಿದರೂ ಬದಲಿಸಿ. ಬದಲಿಸುವಾಗ ನಡುವಿನ ಬೋಲ್ಟು ಕೂಡ ಹೊಸದು ಹಾಕಿ, ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಬಿಗಿ, ಟಾರ್ಕ್ ರೆಂಚಿನಲ್ಲಿ. ಕೈ ಅಂದಾಜು ಇಲ್ಲಿ ಬೇಡ.

ಆಮೇಲೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಗಾಡಿ ಹತ್ತಿರ ಬೇರೆ ಯಾರೂ ಬೇಡ, ನೀವೂ ಫ್ಯಾನಿನ ನೇರಕ್ಕೆ ಪಕ್ಕದಲ್ಲಿ ನಿಲ್ಲಬೇಡಿ. ಐಡಲ್‌ನಲ್ಲಿ ಸ್ವಲ್ಪ ಬಿಟ್ಟು ನಿಧಾನಕ್ಕೆ ರೇಸ್ ಏರಿಸಿ. ಕೆಲಸ ಮುಗಿದ ಮೇಲೆ ಇಂಜಿನ್ ಕೂರಿಸಿದ ಬೋಲ್ಟುಗಳನ್ನು ಒಂದು ಸಲ ಮುಟ್ಟಿ ನೋಡಿ, ಇಷ್ಟು ದಿನ ನಡುಗಿದ ಗಾಡಿ, ಯಾವುದಾದರೂ ಸಡಿಲ ಆಗಿಯೇ ಇರುತ್ತದೆ.