ಟಿಕಿಂಟರ್: ವಿಂಡೋ ಹಿಗ್ಗಿದರೂ ಪಟ್ಟಿ ಹಿಗ್ಗುವುದಿಲ್ಲ, ಲೆಕ್ಕ ಒಂದು ಅಂಕಿ ಹಿಂದೆ ಉಳಿಯುತ್ತದೆ

ಪ್ರಶ್ನೆ (ದಾವಣಗೆರೆಯಿಂದ)

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿರುವ ನಮ್ಮ ಸೋದರಮಾವನ ದಲಾಲಿ ಅಂಗಡಿಗಾಗಿ, ಮೆಕ್ಕೆಜೋಳದ ಚೀಲಗಳ ತೂಕವನ್ನು ಎಲೆಕ್ಟ್ರಾನಿಕ್ ಕಾಟಾದಿಂದ ನೇರವಾಗಿ ಓದಿ ತೂಕದ ಚೀಟಿ ತಯಾರಿಸುವ ಒಂದು ಪ್ರೋಗ್ರಾಮನ್ನು ಪೈಥಾನ್ ಮತ್ತು ಟಿಕಿಂಟರ್ (ವಿಂಡೋ, ಲೇಬಲ್ ಮುಂತಾದವನ್ನು ಪರದೆಗೆ ತರುವ ಪೈಥಾನಿನ ಲೈಬ್ರರಿ; ಅದರ ಒಳಗೆ ಕೆಲಸ ಮಾಡುವುದು ಟಿಕೆ) ಬಳಸಿ ಬರೆದಿದ್ದೇನೆ. ಬರೆದದ್ದು ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ, ಅಂಗಡಿಯಲ್ಲಿರುವುದು ಉಬುಂಟು.

ಮೊದಲು ಎಲ್ಲವನ್ನೂ ಪ್ಲೇಸ್ ವಿಧಾನದಲ್ಲಿ ಪಿಕ್ಸೆಲ್ ಎಣಿಸಿ ಇಟ್ಟಿದ್ದೆ. ಅಂಗಡಿಯ ಪರದೆಯಲ್ಲಿ ಅಕ್ಷರ ದೊಡ್ಡದಾಗಿ ಲೇಬಲ್‌ಗಳು ಅರ್ಧಕ್ಕೆ ಕತ್ತರಿಸಿಹೋದವು. ಆದ್ದರಿಂದ ಸಾಲು-ಕಾಲಮ್‌ಗಳ ಕೋಣೆಗಳಲ್ಲಿ ಇಡುವ ಗ್ರಿಡ್‌ಗೆ ಬದಲಾಯಿಸಿದೆ. ಈಗ ಏನೂ ಕತ್ತರಿಸುವುದಿಲ್ಲ, ಆದರೆ ರೈತರ ಹೆಸರುಗಳಿರುವ ಪಟ್ಟಿಗೆ ನಾಲ್ಕೂ ದಿಕ್ಕಿನ ಸ್ಟಿಕಿ ಕೊಟ್ಟಿದ್ದರೂ ವಿಂಡೋ ಹಿಗ್ಗಿಸಿದಾಗ ಅದು ಗಾತ್ರ ಬದಲಿಸದೆ ಮೇಲಿನ ಎಡ ಮೂಲೆಯಲ್ಲೇ ಉಳಿದು, ಬಲಕ್ಕೂ ಕೆಳಕ್ಕೂ ಬಯಲು ಬಿದ್ದಿರುತ್ತದೆ. ಎರಡನೆಯದಾಗಿ, ದರ ಬರೆಯುವ ಎಂಟ್ರಿ ಪೆಟ್ಟಿಗೆಗೆ ಕೀ ಈವೆಂಟನ್ನು ಬೈಂಡ್ ಮಾಡಿದ್ದೇನೆ, ಅಂದರೆ ಕೀ ಒತ್ತಿದಾಗಲೆಲ್ಲ ಮೊತ್ತ ಲೆಕ್ಕ ಹಾಕುವ ಫಂಕ್ಷನ್ ಓಡುತ್ತದೆ. 2150 ಎಂದು ಒತ್ತಿದರೆ ಮೊತ್ತವು 215ರ ಲೆಕ್ಕದಲ್ಲಿ ಬರುತ್ತದೆ. ಮೂರನೆಯದಾಗಿ, ಸಂಖ್ಯೆಗಳ ಕೀಪ್ಯಾಡಿನಲ್ಲಿರುವ ಎಂಟರ್ ಮನೆಯಲ್ಲಿ ಕೆಲಸ ಮಾಡುತ್ತದೆ, ಅಂಗಡಿಯಲ್ಲಿ ಮಾಡುವುದಿಲ್ಲ. ಕೊನೆಯದಾಗಿ, ಕಾಟಾದಿಂದ ಓದುವಾಗ ಇಡೀ ವಿಂಡೋ ಕಲ್ಲಿನಂತೆ ನಿಂತುಬಿಡುತ್ತದೆ, ಹೊರಗೆ ಹಮಾಲರು ಚೀಲ ಹೊತ್ತು ಕಾಯುತ್ತಿರುತ್ತಾರೆ.

ಉತ್ತರ 1 (ಚಿತ್ರದುರ್ಗದಿಂದ)

ವಿನ್ಯಾಸದ ವಿಷಯವನ್ನಷ್ಟೇ ಹೇಳುತ್ತೇನೆ. ಸ್ಟಿಕಿ ಎಂಬುದು ವಿಜೆಟ್ (ಪಟ್ಟಿ, ಲೇಬಲ್‌ನಂಥ ಪರದೆಯ ಒಂದು ಅಂಶ) ತನ್ನ ಕೋಣೆಯೊಳಗೆ ಎಷ್ಟು ಹರಡಿಕೊಳ್ಳಬೇಕೆಂದು ಹೇಳುತ್ತದೆಯೇ ಹೊರತು, ಆ ಕೋಣೆಯನ್ನು ದೊಡ್ಡದು ಮಾಡುವುದಿಲ್ಲ. ಕೋಣೆ ಬೆಳೆಯಬೇಕಾದರೆ ಅದರ ಸಾಲಿಗೂ ಕಾಲಮ್ಮಿಗೂ ರೋಕಾನ್ಫಿಗರ್, ಕಾಲಮ್‌ಕಾನ್ಫಿಗರ್ ಮೂಲಕ ವೇಯ್ಟ್, ಅಂದರೆ ಹೆಚ್ಚಿನ ಜಾಗದಲ್ಲಿ ಪಾಲು, ಕೊಡಬೇಕು. ಕೊಡದಿದ್ದರೆ ಅದು ಸೊನ್ನೆಯೆಂದೇ ಲೆಕ್ಕ, ಉಳಿದ ಜಾಗ ಯಾರಿಗೂ ಸೇರದೆ ಬಯಲಾಗಿ ಉಳಿಯುತ್ತದೆ.

ನಿಮ್ಮ ಪಟ್ಟಿ ಒಂದು ಫ್ರೇಮಿನೊಳಗೆ (ಬೇರೆ ವಿಜೆಟ್‌ಗಳನ್ನು ಹಿಡಿದಿಡುವ ಚೌಕಟ್ಟು), ಆ ಫ್ರೇಮ್ ಮುಖ್ಯ ವಿಂಡೋದೊಳಗೆ ಇರಬೇಕೆಂದು ಊಹಿಸುತ್ತೇನೆ. ಹಾಗಿದ್ದಲ್ಲಿ ಒಳಗಿನ ಫ್ರೇಮಿನ ಸಾಲಿಗೆ ಮಾತ್ರ ವೇಯ್ಟ್ ಕೊಟ್ಟರೆ ಸಾಲದು. ಭದ್ರಾ ನಾಲೆಯ ಕೊನೆಯ ಹೊಲದಲ್ಲಿ ಗೇಟು ತೆರೆದಿಟ್ಟರೂ ಮೇಲಿನ ತೂಬು ಮುಚ್ಚಿದ್ದರೆ ನೀರು ಬಾರದಿರುವುದು ನಿಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮುಖ್ಯ ವಿಂಡೋದಿಂದ ಪಟ್ಟಿಯವರೆಗಿನ ಪ್ರತಿ ಹಂತದಲ್ಲೂ ವೇಯ್ಟ್ ಮತ್ತು ಸ್ಟಿಕಿ ಎರಡೂ ಇರಬೇಕು. ಯಾವ ಹಂತದಲ್ಲಿ ತಡೆಯಿದೆಯೆಂದು ತಿಳಿಯಲು ಪ್ರತಿ ಫ್ರೇಮಿಗೂ ತಾತ್ಕಾಲಿಕವಾಗಿ ಬೇರೆ ಬೇರೆ ಹಿನ್ನೆಲೆ ಬಣ್ಣ ಕೊಟ್ಟು ನೋಡಿ. ಟಿಟಿಕೆ (ಟಿಕಿಂಟರಿನ ಹೊಸ ಶೈಲಿಯ ವಿಜೆಟ್‌ಗಳ ಗುಂಪು) ಫ್ರೇಮಿಗೆ ನೇರವಾಗಿ ಬಣ್ಣ ಕೊಡಲು ಬರುವುದಿಲ್ಲವಾದ್ದರಿಂದ ಅಲ್ಲಿಯವರೆಗೆ ಸಾಮಾನ್ಯ ಟಿಕೆ ಫ್ರೇಮನ್ನೇ ಬಳಸಿ.

ಸ್ಕ್ರೋಲ್‌ಬಾರನ್ನು ಅವಸರದಲ್ಲಿ ಪ್ಯಾಕ್ (ಒಂದರ ಪಕ್ಕ ಒಂದನ್ನು ಜೋಡಿಸುವ ಇನ್ನೊಂದು ವಿಧಾನ) ಮಾಡಬೇಡಿ. ಒಂದೇ ಫ್ರೇಮಿನ ಮಕ್ಕಳಲ್ಲಿ ಕೆಲವಕ್ಕೆ ಪ್ಯಾಕ್, ಕೆಲವಕ್ಕೆ ಗ್ರಿಡ್ ಎಂದರೆ ಟಿಕೆ 8.6 ದೋಷಸಂದೇಶ ಕೊಟ್ಟು ನಿಲ್ಲುತ್ತದೆ. ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಇವೆರಡೂ ಜಾಗಕ್ಕಾಗಿ ಪರಸ್ಪರ ಜಗ್ಗಾಡುತ್ತ ಪ್ರೋಗ್ರಾಮೇ ಸ್ತಬ್ಧವಾಗುತ್ತಿತ್ತು.

ಉತ್ತರ 2

ನಿಮ್ಮ ಎರಡನೆಯ ತೊಂದರೆಗೆ ಕಾರಣ ಈವೆಂಟುಗಳ ಸರದಿ. ಪ್ರತಿ ಕೀ ಒತ್ತಿದಾಗಲೂ ಟಿಕೆ ಮೊದಲು ಆ ವಿಜೆಟ್‌ಗೆ ನೀವು ಕಟ್ಟಿದ ಫಂಕ್ಷನ್ನನ್ನು, ನಂತರ ಎಂಟ್ರಿ ಎಂಬ ವರ್ಗದ ಸ್ವಂತ ಫಂಕ್ಷನ್ನನ್ನು, ಆಮೇಲೆ ವಿಂಡೋದ್ದನ್ನು, ಕೊನೆಗೆ ಎಲ್ಲಕ್ಕೂ ಸಾಮಾನ್ಯವಾದದ್ದನ್ನು ಕರೆಯುತ್ತದೆ. ಅಕ್ಷರವನ್ನು ಎಂಟ್ರಿಯೊಳಗೆ ನಿಜವಾಗಿ ಸೇರಿಸುವುದು ಎರಡನೆಯ ಹಂತ. ಅಂದರೆ ನಿಮ್ಮ ಫಂಕ್ಷನ್ ಗೆಟ್ ಎಂದು ಎಂಟ್ರಿಯ ಪಠ್ಯ ಕೇಳುವ ಹೊತ್ತಿಗೆ ಕೊನೆಯ ಸೊನ್ನೆ ಇನ್ನೂ ಬಾಗಿಲ ಹೊರಗೇ ಇದೆ.

ಕೀ ಬಿಟ್ಟಾಗ ಬರುವ ಕೀರಿಲೀಸ್ ಈವೆಂಟಿಗೆ ಬದಲಾಯಿಸಿ ಎಂದು ಹಲವರು ಹೇಳುತ್ತಾರೆ. ಅದರಿಂದ ಅಂಕಿ ಸರಿಹೋಗುತ್ತದೆ, ಆದರೆ ಮೌಸಿನಿಂದ ಅಂಟಿಸಿದರೆ ಲೆಕ್ಕ ಬದಲಾಗುವುದಿಲ್ಲ. ಎಂಟ್ರಿಗೆ ಒಂದು ಸ್ಟ್ರಿಂಗ್‌ವಾರ್ (ಅದರ ಪಠ್ಯವನ್ನು ಹಿಡಿದಿಡುವ ವೇರಿಯಬಲ್) ಜೋಡಿಸಿ, ಅದು ಬದಲಾದಾಗಲೆಲ್ಲ ಫಂಕ್ಷನ್ ಕರೆಯುವ ಟ್ರೇಸ್ ಇಡುವುದೇ ಸರಿಯಾದ ದಾರಿ. ಆದರೆ ಬಳಸುವವರು ಎಲ್ಲವನ್ನೂ ಅಳಿಸಿದ ಕ್ಷಣದಲ್ಲಿ ಖಾಲಿ ಪಠ್ಯವನ್ನು ಸಂಖ್ಯೆಯಾಗಿಸಲು ಹೋಗಿ ವ್ಯಾಲ್ಯೂಎರರ್ ಎಂಬ ದೋಷ ಬರುತ್ತದೆ, ಅದನ್ನು ಹಿಡಿಯಲೇಬೇಕು.

ಎಂಟರ್ ವಿಷಯ ಚಿಕ್ಕದು. ಲಿನಕ್ಸಿನಲ್ಲಿ ದೊಡ್ಡ ಎಂಟರಿನ ಹೆಸರು ರಿಟರ್ನ್, ಕೀಪ್ಯಾಡಿನದು ಕೆಪಿ-ಅಂಡರ್‌ಸ್ಕೋರ್-ಎಂಟರ್. ಎರಡನ್ನೂ ಬೈಂಡ್ ಮಾಡಿ.

ವಿಂಡೋ ನಿಲ್ಲುವುದಕ್ಕೆ ಕಾರಣ, ಕಾಟಾದಿಂದ ಪೂರ್ತಿ ಒಂದು ಸಾಲು ಬರುವವರೆಗೆ ಕಾಯುವ ರೀಡ್‌ಲೈನ್ ಬಳಸಿರುವುದು ಇರಬೇಕು. ಚಿತ್ರ ಬಿಡಿಸುವುದು, ಕೀ ಓದುವುದು, ನಿಮ್ಮ ಫಂಕ್ಷನ್ ಕರೆಯುವುದು ಎಲ್ಲವನ್ನೂ ಮೇನ್‌ಲೂಪ್ ಒಂಟಿಯಾಗಿಯೇ ಮಾಡುತ್ತದೆ. ಕಾಟಾದ ಸಾಲು ಬರಲೆಂದು ಅದನ್ನೇ ಕೂರಿಸಿದರೆ ಉಳಿದ ಕೆಲಸ ಮಾಡುವವರು ಯಾರು? ಪ್ರತಿ 100 ಮಿಲಿಸೆಕೆಂಡಿಗೊಮ್ಮೆ ಆಫ್ಟರ್ (ಹೇಳಿದಷ್ಟು ಹೊತ್ತಿನ ನಂತರ ಫಂಕ್ಷನ್ ಕರೆಯುವ ಸೌಲಭ್ಯ) ಮೂಲಕ ಒಂದು ಫಂಕ್ಷನ್ ಕರೆಸಿ, ಸೀರಿಯಲ್ ಪೋರ್ಟಿನಲ್ಲಿ ಎಷ್ಟು ಬೈಟ್ ಬಂದಿದೆಯೋ ಅಷ್ಟನ್ನೇ ಓದಿ, ಸಾಲಿನ ಕೊನೆಯ ಗುರುತು ಸಿಗುವವರೆಗೆ ಒಂದು ಬಫರಿನಲ್ಲಿ ಕೂಡಿಡಿ. 62.40 ಎಂಬುದು ಒಮ್ಮೆ 62 ಆಗಿ, ಇನ್ನೊಮ್ಮೆ .40 ಆಗಿ ತುಂಡಾಗಿ ಬರುವುದುಂಟು. ಆಫ್ಟರ್‌ಗೆ ಫಂಕ್ಷನ್ನಿನ ಹೆಸರನ್ನಷ್ಟೇ ಕೊಡಿ. ಆವರಣ ಹಾಕಿದರೆ ಅದು ಆಗಲೇ ಓಡಿ, ತನ್ನನ್ನು ತಾನೇ ಕರೆದುಕೊಳ್ಳುತ್ತ ಹೋಗುತ್ತದೆ. ಥ್ರೆಡ್ (ಅದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ಓಡುವ ಇನ್ನೊಂದು ಕೆಲಸ) ಬಳಸುವುದಾದರೆ ತೂಕವನ್ನು ಕ್ಯೂನಲ್ಲಿ (ಸರದಿ ಸಾಲಿನಲ್ಲಿ) ಹಾಕಿ ಮುಖ್ಯ ಥ್ರೆಡ್‌ನಲ್ಲಿ ತೆಗೆದುಕೊಳ್ಳಿ, ಬೇರೆ ಥ್ರೆಡ್‌ನಿಂದ ಲೇಬಲ್ ಮುಟ್ಟಬೇಡಿ. ನಿಮ್ಮ ಅಂಗಡಿಯ ಮಟ್ಟಿಗೆ ಥ್ರೆಡ್ ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಹೊರಗಿನ ಫ್ರೇಮಿಗೆ ವೇಯ್ಟ್ ಕೊಟ್ಟಿರಲೇ ಇಲ್ಲ; ಬಣ್ಣ ಹಚ್ಚಿದ ಐದೇ ನಿಮಿಷದಲ್ಲಿ ತಿಳಿಯಿತು. ಲೆಕ್ಕ, ಎಂಟರ್, ಕಾಟಾ ಎಲ್ಲವೂ ಸರಿಯಾದವು. ಆದರೆ ಅಂಗಡಿಯ ಉಬುಂಟುವಿನಲ್ಲಿ "ಒಟ್ಟು" ಎಂಬ ಲೇಬಲ್ಲಿನ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಕಾಣುತ್ತಿದೆ, ಫಾಂಟ್ ಬದಲಿಸಿದರೂ ಅಷ್ಟೇ.

ಉತ್ತರ 3

ಅದು ಫಾಂಟಿನ ತಪ್ಪಲ್ಲ. ಲಿನಕ್ಸಿನ ಮೇಲಿನ ಟಿಕೆ 8.6 ಅಕ್ಷರಗಳನ್ನು ಒಂದೊಂದಾಗಿ ಸಾಲಿಗೆ ಇಡುತ್ತದೆ, ಕೂಡಿಸಿ ಒತ್ತಕ್ಷರ ಕಟ್ಟುವುದಿಲ್ಲ. ಟಿಕೆಯಂಥದೇ ಇನ್ನೊಂದು ಲೈಬ್ರರಿಯಾದ ಕ್ಯೂಟಿ ಈ ಕೆಲಸಕ್ಕೆ ಹಾರ್ಫ್‌ಬಜ್ (ಅಕ್ಷರಗಳನ್ನು ಕೂಡಿಸಿ ರೂಪ ಕಟ್ಟುವ ಲೈಬ್ರರಿ) ಬಳಸುವುದರಿಂದ ಅಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಟಿಕೆಯಲ್ಲೇ ಉಳಿಯುವುದಾದರೆ, ಬದಲಾಗದ ನಾಲ್ಕೈದು ಲೇಬಲ್‌ಗಳನ್ನು ಚಿತ್ರ ತಯಾರಿಸುವ ಪಿಲ್ಲೋ ಲೈಬ್ರರಿಯಲ್ಲಿ, ಒತ್ತಕ್ಷರ ಸರಿಯಾಗಿ ಕಟ್ಟುವ ರಾಕ್ಮ್ ವಿನ್ಯಾಸದೊಂದಿಗೆ ಚಿತ್ರಗಳಾಗಿ ಮಾಡಿ ತೋರಿಸಬಹುದು. ಆ ಚಿತ್ರವನ್ನು ಹಿಡಿದಿಡುವ ಫೋಟೋಇಮೇಜನ್ನು ಲೇಬಲ್ಲಿನ ಒಂದು ಗುಣವಾಗಿ ಉಳಿಸಿಕೊಳ್ಳಿ. ಫಂಕ್ಷನ್ನಿನೊಳಗಿನ ಹೆಸರಿಗಷ್ಟೇ ಬಿಟ್ಟರೆ ಫಂಕ್ಷನ್ ಮುಗಿದೊಡನೆ ಪೈಥಾನ್ ಅದನ್ನು ಗುಡಿಸಿಹಾಕುತ್ತದೆ, ಲೇಬಲ್ ಖಾಲಿಯಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು

ಲೇಬಲ್‌ಗಳನ್ನು ಚಿತ್ರವಾಗಿಸಿದೆ, ಚೆನ್ನಾಗಿ ಕಾಣುತ್ತಿವೆ. ಆದರೆ ಪಟ್ಟಿಯಲ್ಲಿ ರೈತರ ಹೆಸರುಗಳೂ ಕನ್ನಡದಲ್ಲಿವೆ, ಅವನ್ನೆಲ್ಲ ಚಿತ್ರವಾಗಿಸಲಾಗದು. ಈ ಹಂಗಾಮಿನ ಮೆಕ್ಕೆಜೋಳದ ಆವಕ ಇಳಿದ ಮೇಲೆ ಪರದೆಯ ಭಾಗವನ್ನಷ್ಟೇ ಕ್ಯೂಟಿಗೆ ಬದಲಿಸುತ್ತೇನೆ. ಕಾಟಾ ಓದುವ ಭಾಗವನ್ನು ಈಗಲೇ ಬೇರೆ ಫೈಲಿಗೆ ತೆಗೆದಿಟ್ಟಿದ್ದೇನೆ.