ಮಾಮಾ, ಪೋಪ್ ಹೇಳಿದರೂ ಜನ ಯಾಕೆ ಕೇಳಲಿಲ್ಲ ಅಂದಿರಲ್ಲ

ಮಾಮಾ, ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗಬಹುದು, ಊಟ ಆದಮೇಲೆ ಕೇಳಿ.

ಪೋಪ್ ಲಿಯೋ ಅವರು 2025ರ ಅಕ್ಟೋಬರ್‌ನಲ್ಲಿ ಗ್ರೀನ್‌ಲ್ಯಾಂಡ್‌ನಿಂದ ತಂದ ಮಂಜುಗಡ್ಡೆ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿದ ವಿಡಿಯೋ ಹಾಕಿದ್ದಿರಿ. "ಭೂಮಿ ಬಿಸಿಯಾಗುತ್ತಿದೆ, ಕಾಪಾಡಿ ಅಂತ ಇಷ್ಟು ದೊಡ್ಡ ಗುರುಗಳು ಹೇಳಿದರೂ ಅಮೆರಿಕದವರು ಯಾಕೆ ಕಿವಿಗೆ ಹಾಕಿಕೊಳ್ಳುವುದಿಲ್ಲ? ನಮ್ಮಲ್ಲಿ ಸ್ವಾಮಿಗಳು ಒಂದು ಮಾತು ಹೇಳಿದರೆ ಊರೇ ಎದ್ದು ನಿಲ್ಲುತ್ತೆ" ಅಂತ ಕೇಳಿದ್ದಿರಿ. ಈ ಪ್ರಶ್ನೆ ನನ್ನನ್ನೂ ತುಂಬ ಕಾಡಿದೆ.

ಇಲ್ಲಿ ಅಮೆರಿಕದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಗೊತ್ತಲ್ಲ, ಅಮ್ಮ ಬಂದಾಗ ಸ್ವೆಟರ್ ಹೆಣೆದು ಕೊಟ್ಟವರು. ಅವರ ಫ್ರಿಜ್ ಬಾಗಿಲ ಮೇಲೆ ಲಿಯೋಗಿಂತ ಮುಂಚಿನ ಪೋಪ್ ಫ್ರಾನ್ಸಿಸ್ ಫೋಟೋ ಇನ್ನೂ ಇದೆ, ಮೊಮ್ಮಕ್ಕಳ ಫೋಟೋಗಳ ನಡುವೆ, ಸೇಬಿನ ಆಕಾರದ ಮ್ಯಾಗ್ನೆಟ್ ಹಾಕಿ. 2025ರ ಏಪ್ರಿಲ್‌ನಲ್ಲಿ ಫ್ರಾನ್ಸಿಸ್ ತೀರಿಕೊಂಡ ದಿನ ಅಜ್ಜಿ ಬಾಗಿಲು ತಟ್ಟಿ ಬಂದು, ನನ್ನ ಅಡುಗೆಮನೆಯಲ್ಲಿ ಕೂತು ಅತ್ತರು. ಅದೇ ಅಜ್ಜಿಗೆ ಹವಾಮಾನದ ಮಾತು ಎತ್ತಿದರೆ ಮುಖ ಬಿಗಿಯಾಗುತ್ತದೆ. "ಗರ್ಭಪಾತದ ಬಗ್ಗೆ ಹೇಳಿದರೆ ಕೇಳುತ್ತೇನೆ, ಅದು ಧರ್ಮ. ಇದು ಡೆಮಾಕ್ರಟ್ ಪಕ್ಷದವರ ರಾಜಕೀಯ" ಅನ್ನುತ್ತಾರೆ. ಗುರುಗಳ ಮೇಲೆ ಅವರಿಗೆ ಭಕ್ತಿ ಕಡಿಮೆ ಇಲ್ಲ ಮಾಮಾ. ಯಾವ ಮಾತು ಗುರುವಿನದು, ಯಾವುದು ಪಕ್ಷದ್ದು ಅಂತ ಅವರ ಮನಸ್ಸಿನಲ್ಲಿ ಮೊದಲೇ ಭಾಗ ಆಗಿಬಿಟ್ಟಿದೆ.

ಪೋಪ್ ಫ್ರಾನ್ಸಿಸ್ ಭೂಮಿಯ ಬಗ್ಗೆ, ಹವಾಮಾನದ ಬಗ್ಗೆ 'ಲೌದಾತೋ ಸಿ' ಅನ್ನುವ ದೊಡ್ಡ ಪತ್ರ ಹೊರಡಿಸಿದ್ದು 2015ರ ಜೂನ್ 18ಕ್ಕೆ. ಅದು ಹೊರಬರುವ ಮೊದಲೇ ಜೆಬ್ ಬುಷ್ ಎದ್ದು ನಿಂತರು. ಅವರೂ ಕ್ಯಾಥೊಲಿಕ್ಕೇ, ಆಗ ಅಧ್ಯಕ್ಷ ಸ್ಥಾನಕ್ಕೆ ಓಡಾಡುತ್ತಿದ್ದವರು. ಆರ್ಥಿಕ ನೀತಿಯನ್ನು ನಾನು ಬಿಷಪ್ಪರಿಂದಲೋ ಪೋಪರಿಂದಲೋ ಕಲಿಯುವುದಿಲ್ಲ ಅಂದರು. ಸೆಪ್ಟೆಂಬರ್‌ನಲ್ಲಿ ಪೋಪ್ ಅಮೆರಿಕದ ಸಂಸತ್ತಿಗೆ ಬಂದು ಮಾತಾಡಿದರು. ಅಲ್ಲಿ ಮಾತಾಡಿದ ಮೊದಲ ಪೋಪ್ ಅವರೇ. ಪಾಲ್ ಗೋಸರ್ ಅನ್ನುವ ಅರಿಜೋನಾ ರಾಜ್ಯದ ರಿಪಬ್ಲಿಕನ್ ಸಂಸದ, ಅವರೂ ಕ್ಯಾಥೊಲಿಕ್, ಹವಾಮಾನದ ವಿಷಯಕ್ಕೇ ಸಭೆಗೆ ಬರಲಿಲ್ಲ. ಮುಂದೆ 2017ರ ಮೇ 24ಕ್ಕೆ ಟ್ರಂಪ್ ವ್ಯಾಟಿಕನ್‌ಗೆ ಹೋದಾಗ ಪೋಪ್ ಆ ಪತ್ರವನ್ನೇ ಕೈಗೆ ಕೊಟ್ಟರು. ಎಂಟು ದಿನಕ್ಕೆ ಸರಿಯಾಗಿ ಟ್ರಂಪ್ ಹವಾಮಾನದ ಪ್ಯಾರಿಸ್ ಒಪ್ಪಂದದಿಂದ ಹೊರಬರುತ್ತೇವೆ ಅಂತ ಘೋಷಿಸಿದರು. ನನಗೆ ಆವತ್ತು ನಿಜವಾಗಿಯೂ ಹೊಟ್ಟೆ ಉರಿದಿತ್ತು.

ಪತ್ರ ಬರುವ ಹೊತ್ತಿಗೆ ಪ್ಯೂ ಸಂಸ್ಥೆ ಒಂದು ಸಮೀಕ್ಷೆ ಮಾಡಿತ್ತು. ಭೂಮಿ ಬಿಸಿಯಾಗಲು ಮನುಷ್ಯರೇ ಕಾರಣ ಅಂದ ಕ್ಯಾಥೊಲಿಕ್ ಡೆಮಾಕ್ರಟರು ನೂರಕ್ಕೆ 62. ಕ್ಯಾಥೊಲಿಕ್ ರಿಪಬ್ಲಿಕನ್ನರು 24. ಒಂದೇ ಚರ್ಚು, ಒಂದೇ ಪೂಜೆ, ಒಂದೇ ಬೆಂಚು. ಆಮೇಲೆ ಬಂದ ಇನ್ನೊಂದು ಅಧ್ಯಯನದಲ್ಲಿ, ಪತ್ರದ ವಿಷಯ ಗೊತ್ತಿದ್ದ ಸಂಪ್ರದಾಯವಾದಿ ಕ್ಯಾಥೊಲಿಕರು ತಮ್ಮ ಅಭಿಪ್ರಾಯ ಬದಲಿಸುವ ಬದಲು ಪೋಪ್ ಮಾತಿನ ಮೇಲಿನ ನಂಬಿಕೆಯನ್ನೇ ಕಡಿಮೆ ಮಾಡಿಕೊಂಡಿದ್ದರು.

ಆದರೆ ನನಗೆ ಜಾಸ್ತಿ ನೋವಾಗಿದ್ದು ಇದರಿಂದ ಅಲ್ಲ. ಕ್ರೈಟನ್ ವಿಶ್ವವಿದ್ಯಾಲಯದವರು, ಅದೂ ಕ್ಯಾಥೊಲಿಕ್ ವಿಶ್ವವಿದ್ಯಾಲಯವೇ, ಅಮೆರಿಕದ ಬಿಷಪ್ಪರು ತಮ್ಮ ಜನಕ್ಕೆ ಬರೆದ ಅಂಕಣಗಳನ್ನು ಕೂತು ಎಣಿಸಿದರು. 2014ರಿಂದ 2019ರವರೆಗೆ 12,077 ಅಂಕಣ. ಹವಾಮಾನ ಬದಲಾವಣೆಯ ಹೆಸರೆತ್ತಿದ್ದು 93ರಲ್ಲಿ. ಸಾವಿರಕ್ಕೆ ಎಂಟೂ ಇಲ್ಲ! ರೋಮ್‌ನಲ್ಲಿ ಗುರುಗಳು ಗಂಟಲು ಹರಿಯುವಂತೆ ಕೂಗಿದರೂ, ಜನರ ಹತ್ತಿರ ಇದ್ದವರ ಬಾಯಿಂದ ಆ ಮಾತು ಬರಲೇ ಇಲ್ಲ. ಕೆಲವರು ತಾವೇ ನಂಬಿರಲಿಲ್ಲವೇನೋ. ಕೆಲವರಿಗೆ ಬೆಂಚಿನ ಅರ್ಧ ಜನ ಎದ್ದು ಹೋದರೆ ಅನ್ನುವ ಭಯ ಇದ್ದಿರಬೇಕು ಅಂತ ನನಗನ್ನಿಸುತ್ತದೆ.

ನೀವು ಸ್ವಾಮಿಗಳ ಮಾತು ಅಂದಿರಲ್ಲ. ಊರು ಕೇಳುವುದು ಸುಮ್ನೆ ಅಲ್ಲ ಮಾಮಾ. ಅವರು ಊರಿಗೆ ಬರುತ್ತಾರೆ, ಮನೆಯಲ್ಲಿ ಪಾದಪೂಜೆ ಆಗುತ್ತದೆ, ಮಗುವಿನ ಹೆಸರು ಕೇಳುತ್ತಾರೆ. ಹಾಗೆ ಹತ್ತಿರ ಬಂದವರ ಮಾತು ಮನೆಯೊಳಗೆ ಬರುತ್ತದೆ, ಅಲ್ವಾ? ಅಜ್ಜಿಗೆ ಪೋಪ್ ಅಂದರೆ ಫ್ರಿಜ್ ಮೇಲಿನ ಫೋಟೋ. ವಾರವಾರ ಕೈಹಿಡಿದು ಮಾತಾಡಿಸುವುದು ಇಲ್ಲಿನ ಫಾದರ್.

ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಮೀನೂಟ ಇರುತ್ತದೆ. ನಾನು ಅಜ್ಜಿಯನ್ನು ಕರೆದುಕೊಂಡು ಹೋಗುತ್ತೇನೆ. ನಾನು ಮೀನು ತಿನ್ನುವುದಿಲ್ಲ, ಎಲೆಕೋಸಿನ ಸಲಾಡು, ಬ್ರೆಡ್ಡು ಸಾಕು. ಆ ನೆಲಮಾಳಿಗೆಗೆ ಎರಡು ವರ್ಷದಲ್ಲಿ ಮೂರು ಸಲ ನೀರು ನುಗ್ಗಿದೆ. ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಕಂದು ಗೆರೆ ಹಾಗೇ ಇದೆ. ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಫಾದರ್ ಹೋದ ವಾರ ಆ ಗೆರೆ ಪಕ್ಕ ನಿಂತು, ಈಗ ಮಳೆ ಯಾಕೆ ಹೀಗೆ ಸುರಿಯುತ್ತಿದೆ ಅಂತ ಐದೇ ನಿಮಿಷ ಹೇಳಿದರು. ಪಕ್ಷದ ಹೆಸರಿಲ್ಲ, ಯಾರನ್ನೂ ಬೈಯಲಿಲ್ಲ. ಇಬ್ಬರು ತಟ್ಟೆ ಬಿಟ್ಟು ಎದ್ದು ಹೋದರು. ಅಜ್ಜಿ ಕೂತೇ ಇದ್ದರು.

ಕಾರಿನಲ್ಲಿ ಬರುವಾಗ ತುಂಬ ಹೊತ್ತು ಮಾತಿಲ್ಲ. ಮನೆ ಹತ್ತಿರ ಬಂದಾಗ ಕೇಳಿದರು, "ಫ್ರಾನ್ಸಿಸ್ ಬರೆದದ್ದೂ ಇದನ್ನೇನಾ?" ನನ್ನ ಹತ್ತಿರ ಆ ಪತ್ರದ ಪ್ರತಿ ಇದೆ. ಅವರ ಕಣ್ಣಿಗೆ ಅಕ್ಷರ ಸಣ್ಣದಾಗುತ್ತದೆ, ಅದಕ್ಕೆ ದೊಡ್ಡದಾಗಿ ಪ್ರಿಂಟ್ ತೆಗೆಸಿದ್ದೇನೆ. ನಾಳೆ ಶುಕ್ರವಾರ, ಹೋಗುವಾಗ ಕೊಡುತ್ತೇನೆ.