ಸ್ವಾತಿ ಮಳೆ ನಕ್ಷತ್ರದಲ್ಲಿ ಒಣ ಬಿಸಿಲು: ಗುರುವಾರ ಮಳೆ ಎನ್ನುವ ಆ್ಯಪ್ ನಂಬಿ ಅಡಿಕೆ ಕೊಯ್ಲು ಮುಂದೂಡಬೇಕೆ?

ಕೋಣಂದೂರು_ತೋಟ:
ಮುಂಗಾರು ಹಿಂದೆ ಸರಿದ ಮೇಲೆ ತೀರ್ಥಹಳ್ಳಿ ಕಡೆ ಒಣ ಹವೆ ನಿಂತಿದೆ. ಮಧ್ಯಾಹ್ನ 32 ಡಿಗ್ರಿ, ಬೆಳಗಿನ ಜಾವ 18, ಹುಲ್ಲಿನ ಮೇಲೆ ದಟ್ಟ ಇಬ್ಬನಿ. ಸೋಮವಾರ ಅಡಿಕೆ ಗೊನೆ ಇಳಿಸುವ ಕೊನೆಗಾರರು ಬರುತ್ತಾರೆ. ಒಂದು ಆ್ಯಪ್ ಗುರುವಾರ ಶೇ. 40 ಮಳೆ ಅನ್ನುತ್ತದೆ, ಇನ್ನೊಂದರಲ್ಲಿ ವಾರವಿಡೀ ಸೂರ್ಯ. ಬೇಯಿಸಿದ ಅಡಿಕೆಗೆ ಐದಾರು ಬಿಸಿಲಾದರೂ ಬೇಕಲ್ಲ. ಯಾವುದನ್ನು ನಂಬುವುದು?

ಸಾಗರ_ಮಳೆಲೆಕ್ಕ:
ಎರಡೂ ಆ್ಯಪ್ ಒಂದೇ ವಿಷಯವನ್ನು ಬೇರೆ ಬೇರೆ ರೀತಿ ಹೇಳುತ್ತಿರಬಹುದು. ಈ ಕಾಲದ ಗುಡುಗು ಮಳೆಯ ಒಂದೊಂದು ಮೋಡ ಐದು-ಹತ್ತು ಕಿ.ಮೀ. ಅಗಲದ್ದು. ಆ್ಯಪ್‌ಗಳು ನೆಚ್ಚುವ ಜಾಗತಿಕ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತವೆ, ಅದರ ಒಂದು ಚೌಕವೇ ಅಷ್ಟು ಅಥವಾ ಅದಕ್ಕಿಂತ ದೊಡ್ಡದು. ಹಾಗಾಗಿ ಮಳೆ ಕೋಣಂದೂರಿಗೋ ಹತ್ತಿರದ ಆರಗಕ್ಕೋ ಎಂದು ಬಿಡಿಸಿ ಹೇಳಲು ಅದಕ್ಕೆ ಆಗದು. ಹವಾಮಾನ ಇಲಾಖೆಯ ಮಾತು ಇದಕ್ಕಿಂತ ಸ್ಪಷ್ಟ: ‘ಒಂದೆರಡು ಕಡೆ’ ಮಳೆ ಅಂದರೆ ಮಳೆಮಾಪನ ಕೇಂದ್ರಗಳ ಪೈಕಿ ಶೇ. 25ರೊಳಗೆ, ‘ಕೆಲವು ಕಡೆ’ ಅಂದರೆ ಶೇ. 26ರಿಂದ 50. ಅವರ ಲೆಕ್ಕದಲ್ಲಿ 2.5 ಮಿ.ಮೀ. ಬಿದ್ದರಷ್ಟೇ ಮಳೆ ದಿನ. ಅಂಗಳದಲ್ಲಿ ಹರಡಿದ ಅಡಿಕೆ ಕೆಡಲು ಒಂದು ಮಿ.ಮೀ. ಸಾಕು, ಅದನ್ನು ಮರೆಯಬೇಡಿ. ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಐದು ದಿನದ ಸಲಹೆ ಬರುತ್ತದೆ. ಮಂಗಳವಾರದ್ದನ್ನು ಓದಿ.

ರೇಡಾರ್ ಖಾಲಿ ಇದೆ ಅಂತ ಧೈರ್ಯ ಮಾಡಬೇಡಿ. ಗೋವಾ ರೇಡಾರ್‌ಗೆ ನಮ್ಮ ಸಾಗರವೇ ಸುಮಾರು 200 ಕಿ.ಮೀ., ನಿಮ್ಮದು 250ರ ಅಂಚು. ಅಷ್ಟು ದೂರಕ್ಕೆ ಕಿರಣ ನೆಲದಿಂದ ನಾಲ್ಕೈದು ಕಿ.ಮೀ. ಮೇಲೆ ಹೋಗಿರುತ್ತದೆ. ಗಿಡ್ಡ ಮೋಡದ ಮಳೆ ಅದಕ್ಕೆ ಕಾಣುವುದೇ ಇಲ್ಲ.

ಇಬ್ಬನಿ_ಲೆಕ್ಕ (ಕೊಪ್ಪ):
ಶೇಕಡಾವಾರು ಬಿಡಿ, ಡ್ಯೂ ಪಾಯಿಂಟ್ ನೋಡಿ, ಅಂದರೆ ಗಾಳಿಯ ತೇವ ಇಬ್ಬನಿಯಾಗಲು ಶುರುವಾಗುವ ಉಷ್ಣಾಂಶ. ತೇವಾಂಶದ ಶೇಕಡ ದಿನವಿಡೀ ಏರಿಳಿಯುತ್ತದೆ, ಬೆಳಗ್ಗೆ ಯಾವಾಗಲೂ 95ರ ಮೇಲೆಯೇ. ಡ್ಯೂ ಪಾಯಿಂಟ್ ಮಾತ್ರ ಗಾಳಿಯಲ್ಲಿ ನಿಜವಾಗಿ ಎಷ್ಟು ನೀರಿದೆ ಎಂದು ಹೇಳುತ್ತದೆ. 18 ಡಿಗ್ರಿಗೆ ದಟ್ಟ ಇಬ್ಬನಿ ಬಿದ್ದಿದೆ ಎಂದರೆ ನಿಮ್ಮಲ್ಲಿ ಅದು 17-18. ಅದೇ ಗಾಳಿ 32 ಡಿಗ್ರಿಗೆ ಕಾದಾಗ ತೇವಾಂಶ ಶೇ. 40ರ ಆಸುಪಾಸಿಗೆ ಇಳಿಯುತ್ತದೆ, ಅಡಿಕೆಗೆ ಬಹಳ ಒಳ್ಳೆಯದು. ಡ್ಯೂ ಪಾಯಿಂಟ್ 21ಕ್ಕೆ ಏರಿ, ಮೋಡದಿಂದ ಮಧ್ಯಾಹ್ನ 29ಕ್ಕೇ ನಿಂತರೆ ತೇವಾಂಶ 60 ದಾಟುತ್ತದೆ. ಆಗ ಮಳೆ ಬಾರದಿದ್ದರೂ ಅಡಿಕೆ ಒಣಗುವುದಿಲ್ಲ.

ಬುಧವಾರ ಬೆಳಗ್ಗೆ ಇಬ್ಬನಿ ಇಲ್ಲದೆ, ಕನಿಷ್ಠ ಉಷ್ಣಾಂಶ 20-21ಕ್ಕೆ ಏರಿದ್ದರೆ ತೇವ ಬಂತು ಅಂತಲೇ ಲೆಕ್ಕ. ಗಾಳಿಯನ್ನು ಅಂಗಳದಲ್ಲಿ ನೋಡಬೇಡಿ, ಕಣಿವೆಯಲ್ಲಿ ಅದು ದಾರಿ ತಪ್ಪಿಸುತ್ತದೆ. ಗಾಳಿ ನಕ್ಷೆ ತೋರಿಸುವ ಆ್ಯಪ್‌ನಲ್ಲಿ 850 ಹೆಕ್ಟೋಪಾಸ್ಕಲ್ ಮಟ್ಟ, ಅಂದರೆ ಸುಮಾರು 1,500 ಮೀಟರ್ ಎತ್ತರ, ಆರಿಸಿ. ಈಶಾನ್ಯದಿಂದ ಒಣ ಗಾಳಿ ಇದ್ದರೆ ಸರಿ. ಅದು ಪೂರ್ವಕ್ಕೆ, ಆಗ್ನೇಯಕ್ಕೆ ತಿರುಗಿದರೆ ಬಂಗಾಳ ಕೊಲ್ಲಿಯ ತೇವ ಬರುತ್ತದೆ. ಮಧ್ಯಾಹ್ನ ಘಟ್ಟ ಹತ್ತುವ ಕಡಲ ಗಾಳಿ ಅದಕ್ಕೆ ಎದುರಾದಲ್ಲಿ ಮೋಡ ಎದ್ದು ನಿಲ್ಲುತ್ತದೆ.

ಆಷಾಢದ ಅಭ್ಯಾಸಕ್ಕೆ ಎಲ್ಲರೂ ಆಗುಂಬೆ ಕಡೆ ನೋಡುತ್ತಾರೆ. ಈಗ ನೋಡಬೇಕಾದ್ದು ಪೂರ್ವ, ಬಾಬಾಬುಡನ್ ಗಿರಿಯ ದಿಕ್ಕು. ಹನ್ನೊಂದರೊಳಗೆ ಮೋಡ ಹೂಕೋಸಿನಂತೆ ಮೇಲಕ್ಕೆ ಉಬ್ಬಿದರೆ ಮೂರು ಗಂಟೆಗೆ ಗುಡುಗು ನಿರೀಕ್ಷಿಸಿ. ಚಪ್ಪಟೆಯಾಗಿ ಹರಡಿ ಎರಡರ ಹೊತ್ತಿಗೆ ಕರಗಿದರೆ ಆ ದಿನ ಪಾರು. ದಾಮಿನಿ ಆ್ಯಪ್ 20 ಮತ್ತು 40 ಕಿ.ಮೀ. ಒಳಗಿನ ಸಿಡಿಲು ತೋರಿಸುತ್ತದೆ. 40ರಲ್ಲಿ ಕಂಡಾಗಲೇ ಅಡಿಕೆ ಬಾಚಲು ಶುರು ಮಾಡಿ.

ಕೋಣಂದೂರು_ತೋಟ:
ಬಹಳ ಉಪಕಾರ. ಹಾಗಾದರೆ ಸೋಮವಾರ ಕೊಯ್ಲು ಮಾಡಬಹುದಾ? ಮೂರು ಹಂಡೆಯಷ್ಟು ಆಗುತ್ತದೆ.

ಹಂಡೆ_ಚೊಗರು:
ಮಾಡಿ, ಆದರೆ ಮೂರೂ ಹಂಡೆ ಒಟ್ಟಿಗೆ ಬೇಡ. ಸೋಮವಾರ ರಾತ್ರಿ ಒಂದು ಹಂಡೆಯಷ್ಟು ಸುಲಿದು, ಮಂಗಳವಾರ ಬೆಳಗ್ಗೆಯೇ ಬೇಯಿಸಿ ಹರಡಿ. ಗುರುವಾರ ಮಧ್ಯಾಹ್ನದೊಳಗೆ ಅದಕ್ಕೆ ಎರಡೂವರೆ ಬಿಸಿಲು ಸಿಗುತ್ತದೆ, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಿಡಿದು ಮೇಲ್ಮೈ ಗಟ್ಟಿಯಾಗಿರುತ್ತದೆ. ಮೊದಲ ದಿನವೇ ನೆನೆದರೆ ಚೊಗರು ತೊಳೆದು ಬಣ್ಣ ಹೋಗುತ್ತದೆ, ಮತ್ತೆ ಹಾಕಿದರೂ ಆ ಹೊಳಪು ಬಾರದು. ಉಳಿದದ್ದು ಸುಲಿಯದೆ ಕೊನೆಯಲ್ಲೇ (ಗೊನೆಯಲ್ಲೇ) ಇರಲಿ. ನೆರಳಲ್ಲಿ, ರಾಶಿ ಹಾಕದೆ ಬಿಡಿಬಿಡಿಯಾಗಿ ಇಟ್ಟರೆ ಎರಡು ದಿನ ಕಾಯುತ್ತದೆ. ಸುಲಿದದ್ದು ಕಾಯುವುದಿಲ್ಲ. ಎರಡನೇ ಹಂಡೆ ಹಚ್ಚುವುದೋ ಬೇಡವೋ ಎಂದು ಬುಧವಾರದ ಇಬ್ಬನಿ ನೋಡಿ ತೀರ್ಮಾನಿಸಿ.

ಟಾರ್ಪಾಲನ್ನು ಅಡಿಕೆಯ ಮೇಲೆ ನೇರ ಹೊದಿಸಬೇಡಿ, ಒಳಗೆ ಬೆವತು ಬೂಸ್ಟು ಹಿಡಿಯುತ್ತದೆ. ಬಿದಿರಿನ ಗಳು ಕಟ್ಟಿ ಎರಡಡಿ ಎತ್ತರಿಸಿ, ಎರಡೂ ತುದಿ ತೆರೆದಿಡಿ. ರಾತ್ರಿ ಇಬ್ಬನಿಗೂ ಇದೇ ಸಾಕು. ಬೆಳಗ್ಗೆ ಮಂಜು ಹರಿದು ಹುಲ್ಲು ಒಣಗಿದ ಮೇಲೆ, ಒಂಬತ್ತರ ಸುಮಾರಿಗೆ ತೆಗೆಯಿರಿ.

ಸಾಗರ_ಮಳೆಲೆಕ್ಕ:
ಒಂದು ಸೇರಿಸುತ್ತೇನೆ. ಗುರುವಾರ ಮಧ್ಯಾಹ್ನ ಸಂಶಯ ಬಂದರೆ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆ ಸಹಾಯವಾಣಿ ವರುಣಮಿತ್ರಕ್ಕೆ ಫೋನ್ ಮಾಡಿ, ಪಕ್ಕದ ಪಂಚಾಯಿತಿಗಳ ಮಳೆಮಾಪಕದಲ್ಲಿ ಆಗಲೇ ಮಳೆ ದಾಖಲಾಗಿದೆಯಾ ಎಂದು ಕೇಳಿ. ನಿಮ್ಮ ಪೂರ್ವಕ್ಕಿರುವ ಪಂಚಾಯಿತಿಗಳ ಹೆಸರು ಬರೆದಿಟ್ಟುಕೊಂಡಿರಿ.